ವಾಕಿಂಗ್ ಬಿಡಬೇಡಿ, ನಿದ್ದೆ ಬಿಟ್ಟು ವಾಕಿಂಗ್ ಮಾಡಬೇಡಿ

ಮೈಸೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ:

“ನನಗೆ 46 ವರ್ಷ. ಕಚೇರಿ ಕೆಲಸ. ಹತ್ತು ತಿಂಗಳಿಂದ ಬೆಳಗಿನ ಜಾವ 4.45ಕ್ಕೆ ಎದ್ದು, ಗೆಳತಿಯರ ಜೊತೆ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ 45 ನಿಮಿಷ ನಡೆಯುತ್ತೇನೆ. ಮಳೆಗಾಲದಲ್ಲೂ ತಪ್ಪಿಸಿದ್ದು ಕಡಿಮೆ. ಆದರೆ 69 ಕಿಲೋ ಇದ್ದ ತೂಕ 68ಕ್ಕೆ ಬಂದು ನಿಂತಿದೆ. ‘ಅಷ್ಟೆಲ್ಲ ನಡೆದು ಏನಾಯ್ತು?’ ಅಂತ ಮನೆಯಲ್ಲಿ ಕೇಳುತ್ತಾರೆ. ಥೈರಾಯ್ಡು, ಶುಗರ್ ಎಲ್ಲ ಸರಿಯಿದೆ ಅಂದರು ಡಾಕ್ಟರು. ವಾಕಿಂಗ್ ಬಿಟ್ಟು ಜಿಮ್ ಸೇರಲೇ? ನನ್ನ ಒಂದು ದಿನದ ದಿನಚರಿ ಬರೆದು ಕಳಿಸಿದ್ದೇನೆ, ನೋಡಿ ಹೇಳಿ.”

ನಮಸ್ಕಾರ.

ನಿಮ್ಮ ಪತ್ರದ ಮೂರನೇ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಇದೆ. ಈ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿಯವರೆಗೆ ಎಲ್ಲೂ ಕೂರಲಿಲ್ಲ, ಹೋದ ವರ್ಷ ಮೂರು ಕಡೆ ಕೂತಿದ್ದೆ ಎಂದು. ಅದನ್ನು ಅಂಚಿನಲ್ಲಿ ಯಾಕೆ ಬರೆದಿರಿ? ಪತ್ರದ ತಲೆಯ ಮೇಲೆ ಬರೆಯಬೇಕಿತ್ತು. ಹತ್ತು ತಿಂಗಳಲ್ಲಿ ನಿಮ್ಮ ಹೃದಯ, ಶ್ವಾಸಕೋಶ, ಕಾಲಿನ ಸ್ನಾಯು ಎಷ್ಟು ಗಟ್ಟಿಯಾಗಿವೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ‘ಏನಾಯ್ತು?’ ಎಂದು ಕೇಳಿದವರಿಗೆ ಅದೇ ಉತ್ತರ. ಹಾಗಾಗಿ ವಾಕಿಂಗ್ ಬಿಡುವ ಮಾತು ಬೇಡ.

ಇನ್ನು ತೂಕದ ವಿಷಯ. ನಿಮ್ಮ ತೂಕದವರು ಮಾತಾಡಿಕೊಂಡು 45 ನಿಮಿಷ ನಡೆದರೆ ಖರ್ಚಾಗುವುದು ಸುಮಾರು 170ರಿಂದ 180 ಕ್ಯಾಲೊರಿ. ಕೇಳಿದರೆ ಬೇಸರವಾಗುತ್ತದೆ, ಆದರೆ ಲೆಕ್ಕ ಇರುವುದೇ ಅಷ್ಟು. ನಿಮ್ಮ ದಿನಚರಿಯಲ್ಲಿ ಕಾಫಿ, ಟೀ ಸೇರಿ ಐದು ಲೋಟ. ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಎಂದು ನೀವೇ ಬರೆದಿದ್ದೀರಿ. ಚಮಚಕ್ಕೆ ನಾಲ್ಕು ಗ್ರಾಂ ಅಂದುಕೊಂಡರೂ ದಿನಕ್ಕೆ 40 ಗ್ರಾಂ, ಅಂದರೆ 160 ಕ್ಯಾಲೊರಿ. ಹಾಲಿನದು ಬೇರೆ. ಕೆರೆ ಸುತ್ತಿ ಕಳೆದದ್ದು ಬರೀ ಸಕ್ಕರೆಯಲ್ಲೇ ಹೆಚ್ಚುಕಡಿಮೆ ವಾಪಸ್ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 20ರಿಂದ 25 ಗ್ರಾಂ ಸಕ್ಕರೆ ಸಾಕು ಎಂದಿದೆ. ಬೆಳಗಿನ ಫಿಲ್ಟರ್ ಕಾಫಿಯನ್ನು ನಿಮ್ಮಿಂದ ಕಿತ್ತುಕೊಳ್ಳುವ ಮನಸ್ಸು ನನಗಿಲ್ಲ. ಗೆಳತಿಯರ ಜೊತೆ ನಿಂತು ಕುಡಿಯುವ ಆ ಒಂದು ಲೋಟ ಇರಲಿ, ನಿಮಗಿಷ್ಟವಾದ ಹಾಗೇ ಇರಲಿ. ಆದರೆ ಕಚೇರಿಯಲ್ಲಿ ಹುಡುಗ ತಂದಿಟ್ಟ ಅಂತ ಕುಡಿಯುವ 11 ಗಂಟೆಯ ಟೀ, 3.30ರ ಟೀ? ರುಚಿಗಾಗಿ ಕುಡಿದದ್ದಲ್ಲ ಅದು, ಮೇಜಿನ ಮೇಲೆ ಇತ್ತು ಅಂತ ಕುಡಿದದ್ದು. ಅಲ್ಲಿಂದ ಶುರು ಮಾಡಿ.

ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ಎಸೆಯಲು ಮನಸ್ಸು ಬಾರದೆ ತಿನ್ನುತ್ತೇನೆ ಎಂದು ಬರೆದಿದ್ದೀರಿ. ನಮ್ಮ ಮನೆಗಳಲ್ಲಿ ತಾಯಂದಿರ ಊಟದ ಲೆಕ್ಕಕ್ಕೆ ಸಿಗದೆ ಹೋಗುವುದು ಇದೇ. ಅರ್ಧ ದೋಸೆ, ಎರಡು ತುತ್ತು ಚಿತ್ರಾನ್ನ, ಡಬ್ಬಿಯಲ್ಲಿ ವಾಪಸ್ ಬಂದ ಪೂರಿ. ಅನ್ನ ಬಿಸಾಡಬಾರದು ಅನ್ನುವುದು ಒಳ್ಳೆಯ ಸಂಸ್ಕಾರವೇ. ಮೊದಲೇ ಸ್ವಲ್ಪ ಬಡಿಸಿ, ಬೇಕಾದರೆ ಮತ್ತೆ ಕೇಳಲಿ.

ಈಗ ಕೂರುವ ವಿಷಯಕ್ಕೆ ಬರುತ್ತೇನೆ. ನಿಮ್ಮ ದಿನಚರಿಯನ್ನು ಪೆನ್ಸಿಲ್ ಹಿಡಿದು ಕೂಡಿಸಿದೆ. ಸ್ಕೂಟರ್ ಮೇಲೆ ಅರ್ಧ ಗಂಟೆ, ಸೀಟಿನಲ್ಲಿ ಏಳು ಗಂಟೆ, ಸಂಜೆ ಸೀರಿಯಲ್ ಮುಂದೆ ಎರಡು ಗಂಟೆ. ಒಟ್ಟು ಒಂಬತ್ತೂವರೆ. ಎರಡನೇ ಮಹಡಿಗೆ ಲಿಫ್ಟ್, ಯಾಕೆಂದರೆ ‘ಬೆಳಿಗ್ಗೆನೇ ವಾಕಿಂಗ್ ಆಗಿದೆಯಲ್ಲ’. ಈ ‘ಆಗಿದೆಯಲ್ಲ’ ಬಹಳ ಜನರನ್ನು ಹಿಡಿದಿದೆ. ವ್ಯಾಯಾಮ ಶುರು ಮಾಡಿದವರು ಮಿಕ್ಕ ಹೊತ್ತಿನಲ್ಲಿ ತಮಗೇ ಗೊತ್ತಿಲ್ಲದೆ ಓಡಾಟ ಕಡಿಮೆ ಮಾಡಿಬಿಡುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಜೇಮ್ಸ್ ಲೆವೀನ್ ಅವರ ತಂಡ 2005ರಲ್ಲಿ, ಎದ್ದು ಕೂರುವುದನ್ನೂ ದಾಖಲಿಸುವ ಸಾಧನಗಳನ್ನು ಜನರ ಮೈಗೆ ತೊಡಿಸಿ ನೋಡಿತು. ದಪ್ಪಗಿದ್ದವರು ತೆಳ್ಳಗಿದ್ದವರಿಗಿಂತ ದಿನಕ್ಕೆ ಸುಮಾರು ಎರಡೂವರೆ ಗಂಟೆ ಹೆಚ್ಚು ಕೂರುತ್ತಿದ್ದರು. ಅವರಲ್ಲಿ ಯಾರೂ ಜಿಮ್ಮಿಗೆ ಹೋಗುವವರಲ್ಲ. ವ್ಯತ್ಯಾಸವೆಲ್ಲ ಇದ್ದದ್ದು ನಿಲ್ಲುವುದು, ನಡೆದಾಡುವುದು, ಅತ್ತಿತ್ತ ಓಡಾಡುವುದರಲ್ಲಿ.

ಇದಕ್ಕೂ ಹಳೆಯದು ಲಂಡನ್ನಿನ ಬಸ್ಸಿನ ಕಥೆ. 1953ರಲ್ಲಿ ಜೆರಿಮಿ ಮಾರಿಸ್ ಎಂಬ ವೈದ್ಯರು ಡಬ್ಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ಒಂದೇ ಬಸ್ಸು, ಒಂದೇ ಊರು. ಚಾಲಕರು ಇಡೀ ಪಾಳಿ ಕೂತಿರುತ್ತಿದ್ದರು, ಕಂಡಕ್ಟರುಗಳು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದರು. ಕಂಡಕ್ಟರುಗಳಲ್ಲಿ ಹೃದಯಾಘಾತ ಎಷ್ಟೋ ಕಡಿಮೆ. ಅದಾದ ಮೇಲೆ ಸಮವಸ್ತ್ರದ ಸೊಂಟದ ಅಳತೆ ತೆಗೆದು ನೋಡಿದಾಗ ಚಾಲಕರದು ಮೊದಲಿಂದಲೇ ದೊಡ್ಡದಿತ್ತು ಎನ್ನುವುದೂ ಕಂಡಿತು. ಹಾಗಾಗಿ ಎಲ್ಲ ಪುಣ್ಯವನ್ನೂ ಮೆಟ್ಟಿಲಿಗೇ ಕೊಡುವಂತಿಲ್ಲ. ಆದರೂ ಮೆಟ್ಟಿಲ ಪಾಲು ಸಣ್ಣದಲ್ಲ. ನಿಮ್ಮ ಕಚೇರಿಯ ಎರಡು ಮಹಡಿಯನ್ನು ದಿನಕ್ಕೆ ಮೂರು ಸಲ ಹತ್ತಿ. ಫೋನು ಬಂದರೆ ಎದ್ದು ನಿಂತು ಮಾತಾಡಿ. ನಾನು ನೀರಿನ ಬಾಟಲಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳುವುದನ್ನು ಬಿಟ್ಟು ಎರಡು ವರ್ಷವಾಯಿತು. ಬಾಯಾರಿದಾಗಲೆಲ್ಲ ಎದ್ದು ಕಾರಿಡಾರಿನ ತುದಿಗೆ ಹೋಗಲೇಬೇಕು. ಸಂಚಿಕೆ ಮುಗಿಸುವ ವಾರದಲ್ಲಿ ಹಿಡಿದುಕೊಳ್ಳುತ್ತಿದ್ದ ಬೆನ್ನು ಅದರಿಂದಲೇ ಎಷ್ಟೋ ಹಗುರಾಗಿದೆ.

ಆದರೆ ನಿಮಗೆ ಇಷ್ಟುದ್ದ ಉತ್ತರ ಬರೆಯಲು ಕೂತದ್ದು ಇದಾವುದಕ್ಕೂ ಅಲ್ಲ. ದಿನಚರಿಯ ಕೊನೆಯ ಸಾಲಿಗೆ. “ರಾತ್ರಿ 11.30: ಅಡುಗೆಮನೆ ಒರೆಸಿ, ಕಾಳು ನೆನೆಹಾಕಿ, ಸ್ವಲ್ಪ ಮೊಬೈಲ್ ನೋಡಿ ಮಲಗಿದೆ.” ಮೊದಲ ಸಾಲು: “4.45ಕ್ಕೆ ಅಲಾರಂ.” ನಡುವೆ ಇರುವುದು ಐದೂಕಾಲು ಗಂಟೆ. ಹತ್ತು ತಿಂಗಳಿಂದ ನೀವು ನಿದ್ದೆಯನ್ನು ಅಡವಿಟ್ಟು ವಾಕಿಂಗ್ ಕೊಂಡುಕೊಂಡಿದ್ದೀರಿ.

ಶಿಕಾಗೊ ವಿಶ್ವವಿದ್ಯಾಲಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಹತ್ತೇ ಜನರ ಮೇಲೆ ಮಾಡಿದ ಸಣ್ಣ ಪ್ರಯೋಗ, ಆದರೆ ಬಹಳ ಎಚ್ಚರಿಕೆಯಿಂದ ಮಾಡಿದ್ದು. ತೂಕ ಹೆಚ್ಚಿದ್ದ ಈ ಹತ್ತು ಜನಕ್ಕೆ ಒಂದೇ ಲೆಕ್ಕದ ಕಡಿಮೆ ಊಟ ಕೊಟ್ಟು, 14 ದಿನ ರಾತ್ರಿ ಎಂಟೂವರೆ ಗಂಟೆ ಮಲಗಲು ಬಿಟ್ಟರು. ಇನ್ನೊಂದು ಸರದಿಯಲ್ಲಿ ಅದೇ ಜನ, ಅದೇ ಊಟ, ಮಲಗಲು ಮಾತ್ರ ಐದೂವರೆ ಗಂಟೆ. ಎರಡೂ ಸಲ ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ಸರಿಯಾಗಿ ಮಲಗಿದಾಗ ಕರಗಿದ ಕೊಬ್ಬು 1.4 ಕಿಲೋ, ನಿದ್ದೆಗೆಟ್ಟಾಗ 0.6 ಕಿಲೋ. ಮಿಕ್ಕದ್ದು ಹೋದದ್ದು ಸ್ನಾಯುವಿನಂಥ, ಮೈಗೆ ಬೇಕಾದ ಭಾಗದಿಂದ. ಮೇಲಾಗಿ ಹಸಿವೂ ಹೆಚ್ಚಿತ್ತು. ನಿಮಗೆ ಸಂಜೆ ಆರೂವರೆಗೆ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆಯದೆ ಇರಲಾಗುವುದಿಲ್ಲ ಎಂದು ಬರೆದಿದ್ದೀರಿ, ‘ನಾಲಿಗೆ ಚಪಲ’ ಎಂದು ನಿಮ್ಮನ್ನೇ ಬೈದುಕೊಂಡಿದ್ದೀರಿ. ಚಪಲ ಅಲ್ಲ ಅದು. ನಿದ್ದೆಯಿಲ್ಲದ ಮೈ ಕೇಳುವುದೇ ಹಾಗೆ. ಜೊತೆಗೆ ಮಧ್ಯಾಹ್ನ ಒಂದೂವರೆಗೆ ಊಟ ಮಾಡಿದವರು ರಾತ್ರಿ ಒಂಬತ್ತೂಮುಕ್ಕಾಲರವರೆಗೆ ಕಾದರೆ ಯಾರ ಕೈಯಾದರೂ ಡಬ್ಬಿಗೆ ಹೋಗುತ್ತದೆ.

ಆದ್ದರಿಂದ ನನ್ನ ಮೊದಲ ಸಲಹೆ ನಿಮಗೆ ವಿಚಿತ್ರ ಅನ್ನಿಸಬಹುದು: ವಾರದಲ್ಲಿ ಎರಡು ದಿನ ಕೆರೆಗೆ ಹೋಗಬೇಡಿ. ಆರು ಗಂಟೆಯವರೆಗೆ ಮಲಗಿ. ಆ ದಿನಗಳ ನಡಿಗೆಯನ್ನು ಊಟದ ನಂತರ ಹದಿನೈದು ಹದಿನೈದು ನಿಮಿಷವಾಗಿ ಒಡೆದುಕೊಳ್ಳಿ. ಮಿಕ್ಕ ದಿನ ರಾತ್ರಿ ಹತ್ತಕ್ಕೆ ಹಾಸಿಗೆ ಸೇರಲು ಏನು ಬೇಕೋ ಅದನ್ನು ಮನೆಯವರೆಲ್ಲ ಸೇರಿ ಮಾಡಬೇಕು. ಈ ಸಾಲನ್ನು ಅವರಿಗೆ ಓದಿ ಹೇಳಿ. ಯಜಮಾನರು ಬರುವುದು ತಡವಾದರೆ ಎಂಟು ಗಂಟೆಗೆ ಮಕ್ಕಳ ಜೊತೆ ನೀವು ಊಟ ಮುಗಿಸಿ, ಅವರು ಬಂದು ಬಡಿಸಿಕೊಳ್ಳಲಿ. ಅಡುಗೆಮನೆ ಒರೆಸುವ ಕೆಲಸ ಕೊನೆಗೆ ಊಟ ಮಾಡಿದವರದು. ನಿದ್ದೆಯ ಕೊರತೆಯಲ್ಲಿ ಅರ್ಧ ಪಾಲು ನಿಮ್ಮ ಅಭ್ಯಾಸದ್ದಲ್ಲ, ಮನೆಯಲ್ಲಿ ಕೆಲಸ ಹಂಚಿಕೆಯಾಗಿರುವ ರೀತಿಯದು. ‘ಏನಾಯ್ತು?’ ಎಂದು ಕೇಳುವವರು ಇಷ್ಟು ಮಾಡಬಹುದು. ಸಂಜೆ ಆರೂವರೆಯ ಕಾಫಿಯನ್ನೂ ಮೂರೂವರೆಯೊಳಗೇ ಕುಡಿದು ಮುಗಿಸಿ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ.

ಚಕ್ಕುಲಿಯ ಜಾಗಕ್ಕೆ ಏನು? ಹೇಗೂ ರಾತ್ರಿ ಕಾಳು ನೆನೆಹಾಕುತ್ತೀರಿ. ಕಡಲೆಯದೋ ಅಲಸಂದೆಯದೋ ಉಸಲಿ, ಒಂದು ಬಟ್ಟಲು, ಕಚೇರಿಯಿಂದ ಬಂದ ಕೂಡಲೆ. ಇದು ಬರೀ ಹಸಿವಿಗಲ್ಲ. ನಿಮ್ಮ ತೂಕಕ್ಕೆ ದಿನಕ್ಕೆ ಸುಮಾರು 56 ಗ್ರಾಂ ಪ್ರೋಟೀನ್ ಬೇಕು. ಅವಲಕ್ಕಿ, ಅನ್ನ, ತಿಳಿಸಾರು, ಒಂದು ಸೌಟು ಮೊಸರು, ಮತ್ತೆ ಅನ್ನ, ಇದರಲ್ಲಿ ಅಷ್ಟು ಸಿಗುವುದು ಕಷ್ಟ. ಹುರುಳಿ, ಹೆಸರುಕಾಳು, ಕಡಲೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಇವಕ್ಕೆ ತಟ್ಟೆಯಲ್ಲಿ ಜಾಗ ಹೆಚ್ಚಲಿ.

ಜಿಮ್ ಸೇರಲೇ ಎಂದು ಕೇಳಿದ್ದೀರಿ. ದುಡ್ಡು, ಸಮಯ ಇದ್ದರೆ ಸೇರಿ, ಬೇಡವೆನ್ನುವುದಿಲ್ಲ. ಆದರೆ ಸ್ನಾಯುವಿಗೆ ಭಾರ ಕೊಡುವ ಕೆಲಸ ಮಾತ್ರ ಎಲ್ಲಿಯಾದರೂ ಮಾಡಲೇಬೇಕು. ವಾರಕ್ಕೆ ಕನಿಷ್ಠ ಎರಡು ದಿನ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಹೆಂಗಸರ ಸ್ನಾಯು, ಮೂಳೆ ಎರಡೂ ಸವೆಯತೊಡಗುತ್ತವೆ, ನಡಿಗೆಯೊಂದೇ ಅದನ್ನು ತಡೆಯಲಾರದು. ರುಬ್ಬುಗುಂಡಿಗೆ ವಾಪಸ್ ಹೋಗಿ ಎಂದು ಹೇಳುತ್ತಿಲ್ಲ. ನಮ್ಮ ಅಜ್ಜಿಯಂದಿರು ಅದರ ಮುಂದೆ ಕೂತು ಎಷ್ಟು ದಣಿದಿದ್ದರು ಎಂದು ನೋಡಿದವನು ನಾನು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ತೆಗೆಯುವುದು, ಎರಡು ಲೀಟರಿನ ನೀರಿನ ಬಾಟಲಿ ಹಿಡಿದು ಎತ್ತುವುದು, ಇಷ್ಟರಿಂದ ಶುರುವಾಗಲಿ. ಕೆರೆ ದಂಡೆಯಲ್ಲೂ ನಡುವೆ ಐದೈದು ನಿಮಿಷ ಬಿರುಸಾಗಿ ನಡೆಯಿರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು.

ತಕ್ಕಡಿಯನ್ನು ಮೂರು ತಿಂಗಳು ಬೀರುವಿನ ಮೇಲಿಡಿ. ಟೈಲರ್ ಟೇಪಿನಲ್ಲಿ ಸೊಂಟದ ಸುತ್ತಳತೆ ತೆಗೆದು ಗುರುತು ಹಾಕಿಕೊಳ್ಳಿ. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್ ಎಲ್ಲೆ ಎನ್ನುತ್ತಾರೆ. ಮೂರು ತಿಂಗಳಾದ ಮೇಲೆ ಮತ್ತೆ ಬರೆಯಿರಿ. ಅದರಲ್ಲಿ ಕಿಲೋ ಎಷ್ಟು ಎಂದು ಬರೆಯಬೇಕಿಲ್ಲ, ರಾತ್ರಿ ಎಷ್ಟು ಗಂಟೆಗೆ ಮಲಗಿದಿರಿ, ಅಡುಗೆಮನೆ ಯಾರು ಒರೆಸಿದರು ಎಂದು ಬರೆಯಿರಿ.

— ಸಂಪಾದಕ