ಪಿಂಗ್ ಆಗುತ್ತೆ, ಡೊಮೇನ್ ಸಿಗಲ್ಲ!

ಪ್ರಶ್ನೆ: ಆಫೀಸಿನ ಮೂವತ್ತು ಕಂಪ್ಯೂಟರ್‌ಗಳೂ ಡೊಮೇನ್‌ನಲ್ಲಿವೆ, ಅಂದರೆ ಒಂದೇ ಕಡೆಯಿಂದ ನಿಭಾಯಿಸುವ ಗುಂಪಿನಲ್ಲಿವೆ. ಹೊಸದಾಗಿ ತಂದ ಒಂದು ವಿಂಡೋಸ್ 11 ಪ್ರೊ ಮಷಿನ್ ಮಾತ್ರ ಸೇರುತ್ತಿಲ್ಲ. ಡೊಮೇನ್ ಹೆಸರು ಕೊಟ್ಟರೆ ಸ್ವಲ್ಪ ಹೊತ್ತು ಸುತ್ತಿ, ಡೊಮೇನ್ ಕಂಟ್ರೋಲರ್ (ಆ ಗುಂಪನ್ನು ನಡೆಸುವ ಸರ್ವರ್) ಸಿಗಲಿಲ್ಲ ಅನ್ನುವ ಎರರ್ ತೋರಿಸುತ್ತದೆ. ಸರ್ವರ್‌ನ ಐಪಿಗೆ ಪಿಂಗ್ ಮಾಡಿದರೆ ಚೆನ್ನಾಗಿ ಉತ್ತರ ಬರುತ್ತದೆ, ಇಂಟರ್ನೆಟ್ಟೂ ಓಡುತ್ತದೆ. ಕೇಬಲ್ ಬದಲಾಯಿಸಿದೆ, ಫೈರ್‌ವಾಲ್ ಆಫ್ ಮಾಡಿದೆ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದೆ. ಇನ್ನೇನು ಮಾಡಲಿ ಸರ್?

ಉತ್ತರ: ಮೊದಲು ಆ ಫೈರ್‌ವಾಲ್ ಆನ್ ಮಾಡಿ, ಆಮೇಲೆ ಮಾತಾಡೋಣ.

ವಿಂಡೋಸ್ ಮತ್ತೆ ಹಾಕಿದ್ದು ಓದಿ ಅಯ್ಯೋ ಅನಿಸಿತು. ನಿಮ್ಮ ತೊಂದರೆ ಬಹುಶಃ ಆ ಮಷಿನ್ ಒಳಗೆ ಇಲ್ಲವೇ ಇಲ್ಲ, ಅದಕ್ಕೆ ಸಿಗುತ್ತಿರುವ ಡಿಎನ್‌ಎಸ್ ವಿಳಾಸದಲ್ಲಿದೆ. ಡಿಎನ್‌ಎಸ್ ಅಂದರೆ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆ. ಹತ್ತು ಸಲ ವಿಂಡೋಸ್ ಹಾಕಿದರೂ ಅದೇ ರೂಟರ್ ಅದೇ ವಿಳಾಸ ಕೊಡುತ್ತದೆ, ಅದೇ ಎರರ್ ಬರುತ್ತದೆ.

ಪಿಂಗ್ ಹೇಳುವುದು ಇಷ್ಟೇ: ಸರ್ವರ್‌ವರೆಗೆ ದಾರಿ ಇದೆ. ಐಪಿ ನೀವೇ ಹೇಳಿಕೊಟ್ಟಿದ್ದೀರಿ, ಅದು ಹೋಗಿ ಬಂತು. ಡೊಮೇನ್ ಸೇರುವಾಗ ಹಾಗಲ್ಲ. ಅಲ್ಲಿ ನೀವು ಕೊಡುವುದು ಬರೀ ಹೆಸರು, ಆ ಹೆಸರಿನ ಡೊಮೇನ್‌ಗೆ ಕಂಟ್ರೋಲರ್ ಯಾವುದು, ಎಲ್ಲಿದೆ ಅಂತ ಮಷಿನ್ ತಾನೇ ಹುಡುಕಿಕೊಳ್ಳಬೇಕು. ಹುಡುಕುವುದು ಡಿಎನ್‌ಎಸ್‌ನಲ್ಲಿ. ಅಲ್ಲಿ ಎಸ್‌ಆರ್‌ವಿ ಅನ್ನುವ ಒಂದು ಬಗೆಯ ರೆಕಾರ್ಡ್ ಇರುತ್ತದೆ. ‘ಈ ಡೊಮೇನ್‌ನ ಎಲ್‌ಡ್ಯಾಪ್ (ಯೂಸರ್, ಕಂಪ್ಯೂಟರ್‌ಗಳ ವಿವರ ಕೊಡುವ) ಸೇವೆ ಬೇಕಾ, ಹಾಗಾದರೆ ಈ ಸರ್ವರ್‌ನ 389ನೇ ಪೋರ್ಟ್‌ಗೆ ಹೋಗು’ ಎಂದು ದಾರಿ ತೋರಿಸುವುದು ಅದೇ. ಈ ರೆಕಾರ್ಡ್ ಇರುವುದು ಆಫೀಸಿನ ಒಳಗಿನ ಡಿಎನ್‌ಎಸ್‌ನಲ್ಲಿ, ಹೆಚ್ಚಾಗಿ ಡೊಮೇನ್ ಕಂಟ್ರೋಲರ್‌ನಲ್ಲೇ. ರೂಟರ್‌ಗೆ ಅದು ಗೊತ್ತಿಲ್ಲ. ಗೂಗಲ್‌ನ 8.8.8.8 ಅನ್ನು ಕೇಳಿದರೆ ‘ಅಂಥ ಹೆಸರೇ ಇಲ್ಲ’ ಅನ್ನುತ್ತದೆ. ಅದರ ತಪ್ಪೇನಿಲ್ಲ, ನಿಮ್ಮ ಒಳಗಿನ ಹೆಸರು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ಉಳಿದ ಮೂವತ್ತು ಹೇಗೆ ನಡೆಯುತ್ತಿವೆ ಅಂತ ಕೇಳುತ್ತೀರಿ. ಅವುಗಳಲ್ಲಿ ಯಾರೋ ಹಿಂದೆ ಡಿಎನ್‌ಎಸ್ ವಿಳಾಸವನ್ನು ಕೈಯಿಂದಲೇ ಹಾಕಿಟ್ಟಿರಬಹುದು. ಒಂದು ಹಳೆ ಮಷಿನ್ ಪಕ್ಕದಲ್ಲಿ ಇಟ್ಟುಕೊಂಡು ಎರಡರಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ipconfig /all ಕೊಡಿ. ಡಿಎನ್‌ಎಸ್ ಸರ್ವರ್ಸ್ ಅನ್ನುವ ಸಾಲು ಎರಡರಲ್ಲೂ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಹೊಸ ಮಷಿನ್‌ಗೂ ಕಂಟ್ರೋಲರ್‌ನ ವಿಳಾಸ ಕೊಡಿ, ಇನ್ನೂ ಒಳ್ಳೆಯದೆಂದರೆ ಮಷಿನ್‌ಗಳಿಗೆ ವಿಳಾಸಗಳನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯಲ್ಲೇ ಸರಿಪಡಿಸಿ, ಮುಂದಿನ ಮಷಿನ್ ತಂದಾಗ ಮತ್ತೆ ನನಗೆ ಪತ್ರ ಬರೆಯುವುದು ತಪ್ಪುತ್ತದೆ.

ಇಲ್ಲಿ ತುಂಬಾ ಜನ ಎಡವುವ ಎರಡು ಜಾಗಗಳಿವೆ. ಮೊದಲನೆಯದು ಎರಡನೇ ಡಿಎನ್‌ಎಸ್. ‘ಮೊದಲನೆಯದು ಕಂಟ್ರೋಲರ್, ಎರಡನೆಯದು 8.8.8.8, ಸುಮ್ನೆ ಇರಲಿ ಅಂತ’ ಎಂದು ಹಾಕುತ್ತಾರೆ. ಕಂಟ್ರೋಲರ್ ಉತ್ತರ ಕೊಡುವುದು ಒಂದು ಕ್ಷಣ ತಡವಾದರೆ ಸಾಕು, ವಿಂಡೋಸ್ ಎರಡನೆಯದನ್ನು ಕೇಳುತ್ತದೆ. ಅದು ‘ಇಲ್ಲ’ ಅನ್ನುತ್ತದೆ. ಇಲ್ಲ ಅನ್ನುವುದೂ ಒಂದು ಉತ್ತರವೇ, ಆದ್ದರಿಂದ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನ ಕೈಕೊಡುವುದು ಹೀಗೆ. ಎರಡನೆಯದು ಬೇಕೇ ಬೇಕೆಂದರೆ ಇನ್ನೊಂದು ಡೊಮೇನ್ ಕಂಟ್ರೋಲರ್ ಇರಲಿ, ಹೊರಗಿನದು ಬೇಡ. ಹೊರಗಿನ ವೆಬ್‌ಸೈಟ್‌ಗಳ ಹೆಸರನ್ನು ಕಂಟ್ರೋಲರ್‌ನ ಡಿಎನ್‌ಎಸ್ ತಾನೇ ಕೇಳಿ ತಂದುಕೊಡುತ್ತದೆ. ಎರಡನೇ ಜಾಗ ಐಪಿವಿ6, ಅಂದರೆ ಐಪಿ ವಿಳಾಸದ ಹೊಸ ಬಗೆ (ಹಳೆಯದು ಐಪಿವಿ4). ಐಪಿವಿ4ನಲ್ಲಿ ಎಲ್ಲ ಸರಿಯಾಗಿ ಹಾಕಿರುತ್ತೀರಿ, ರೂಟರ್ ಮಾತ್ರ ಸದ್ದಿಲ್ಲದೆ ತನ್ನ ಐಪಿವಿ6 ವಿಳಾಸವನ್ನೂ ಡಿಎನ್‌ಎಸ್ ಅಂತ ಹಂಚಿರುತ್ತದೆ, ವಿಂಡೋಸ್ ಅದನ್ನೇ ಮೊದಲು ಕೇಳುತ್ತದೆ. ಆ ಸಾಲಿನಲ್ಲಿ ಕೋಲನ್‌ಗಳಿರುವ ಉದ್ದನೆಯ ವಿಳಾಸ ಕಂಡರೆ ಅದು ಯಾರದು ಅಂತ ವಿಚಾರಿಸಿ.

ಡಿಎನ್‌ಎಸ್ ಸರಿ ಮಾಡಿದ ಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ nslookup ತೆರೆದು, set type=srv ಎಂದು ಕೊಟ್ಟು, _ldap._tcp.dc._msdcs ಆದ ಮೇಲೆ ಚುಕ್ಕಿ ಇಟ್ಟು ನಿಮ್ಮ ಡೊಮೇನ್ ಹೆಸರು ಕೊಡಿ. ಅಂಡರ್‌ಸ್ಕೋರ್ ಬಿಟ್ಟರೆ ಕೆಲಸ ಆಗುವುದಿಲ್ಲ. ಸರ್ವರ್ ಹೆಸರು ಬಂತೋ, ಮುಕ್ಕಾಲು ಪಾಲು ಗೆದ್ದಿರಿ. ಬರಲಿಲ್ಲವೆಂದರೆ ಸರ್ವರ್‌ನಲ್ಲೇ ಆ ರೆಕಾರ್ಡ್ ಇಲ್ಲ. ಅಲ್ಲಿ ನೆಟ್‌ಲಾಗನ್ ಸರ್ವೀಸ್ ರೀಸ್ಟಾರ್ಟ್ ಮಾಡಿದರೆ ಅದು ತನ್ನ ರೆಕಾರ್ಡ್‌ಗಳನ್ನು ಮತ್ತೆ ಬರೆಸುತ್ತದೆ.

ಇಷ್ಟಾದರೂ ಸೇರದಿದ್ದರೆ ಊಹೆ ಬಿಡಿ, ಲಾಗ್ ಓದಿ. ವಿಂಡೋಸ್ ಫೋಲ್ಡರ್ ಒಳಗೆ ಡೀಬಗ್ ಅನ್ನುವ ಫೋಲ್ಡರ್ ಇದೆ, ಅದರಲ್ಲಿ ನೆಟ್‌ಸೆಟಪ್ ಅನ್ನುವ ಲಾಗ್ ಫೈಲ್. ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ, ಹೊಸ ಸಾಲುಗಳು ಕೊನೆಯಲ್ಲಿರುತ್ತವೆ. ಎರರ್ ಸಂಖ್ಯೆ ಅಲ್ಲಿ ಹೆಕ್ಸ್‌ನಲ್ಲಿ (0x ಎಂದು ಶುರುವಾಗುವ ಹದಿನಾರರ ಲೆಕ್ಕದಲ್ಲಿ) ಇರಬಹುದು, ಕ್ಯಾಲ್ಕುಲೇಟರ್‌ನಲ್ಲಿ ಡೆಸಿಮಲ್‌ಗೆ ತಿರುಗಿಸಿಕೊಳ್ಳಿ. 1355 ಎಂದರೆ ಡೊಮೇನ್ ಸಿಗಲಿಲ್ಲ, 9003 ಎಂದರೆ ಡಿಎನ್‌ಎಸ್‌ನಲ್ಲಿ ಆ ಹೆಸರೇ ಇಲ್ಲ. ಎರಡರಲ್ಲಿ ಯಾವುದು ಬಂದರೂ ಮೇಲೆ ಹೇಳಿದ್ದನ್ನೇ ಮತ್ತೆ ನೋಡಿ. 5 ಎಂದರೆ ಅನುಮತಿ ಇಲ್ಲ. 1219 ಬಂದರೆ ಆ ಮಷಿನ್ ಆಗಲೇ ಬೇರೆ ಯೂಸರ್ ಹೆಸರಿನಲ್ಲಿ ಸರ್ವರ್‌ನ ಯಾವುದೋ ಶೇರ್ ಫೋಲ್ಡರ್ ತೆರೆದುಕೊಂಡು ಕೂತಿದೆ. ಅದನ್ನು ಮುಚ್ಚಿ, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ.

ಗಡಿಯಾರವನ್ನೂ ಒಮ್ಮೆ ನೋಡಿ. ಕೆರ್ಬರೋಸ್ ಅನ್ನುವ ಗುರುತು ಪರೀಕ್ಷೆಯ ವ್ಯವಸ್ಥೆ ಸರ್ವರ್‌ಗೂ ಮಷಿನ್‌ಗೂ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸವನ್ನಷ್ಟೇ ಒಪ್ಪುತ್ತದೆ. ಒಮ್ಮೆ ನಾನೇ ಅರ್ಧ ದಿನ ಕಳೆದಿದ್ದೇನೆ. ಮೂಲೆಯಲ್ಲಿ ಕಾಣುವ ಗಂಟೆ ಸರಿಯಾಗೇ ಇತ್ತು, ಸರ್ವರ್‌ನದಕ್ಕೆ ಒಂದು ನಿಮಿಷವೂ ಹೆಚ್ಚು ಕಡಿಮೆ ಇರಲಿಲ್ಲ. ಟೈಮ್ ಝೋನ್ ಮಾತ್ರ ಬೇರೆ ದೇಶದ್ದು! ಯಾರೋ ಝೋನ್ ಬದಲಿಸುವ ಬದಲು ಗಂಟೆಯನ್ನೇ ತಿರುಗಿಸಿ ಸರಿ ಮಾಡಿದ್ದರು. ನಮ್ಮ ಕಣ್ಣಿಗೆ ಎರಡೂ ಒಂದೇ, ಒಳಗಿನ ಲೆಕ್ಕದಲ್ಲಿ ಗಂಟೆಗಟ್ಟಲೆ ವ್ಯತ್ಯಾಸ.

ಸರ್ವರ್ ಬೇರೆ ಕಟ್ಟಡದಲ್ಲೋ ಬೇರೆ ನೆಟ್‌ವರ್ಕ್‌ನಲ್ಲೋ ಇದ್ದರೆ ಮಧ್ಯದ ಫೈರ್‌ವಾಲ್ ನೋಡಿಕೊಳ್ಳುವವರಿಗೆ ಈ ಪೋರ್ಟ್‌ಗಳನ್ನು ತೆರೆಯಲು ಹೇಳಿ: 53, 88, 135, 389, 445, 464, ಜೊತೆಗೆ 49152ರಿಂದ 65535ರವರೆಗೆ. ಕೊನೆಯದನ್ನು ಕೇಳಿ ಅವರು ಮುಖ ಸಿಂಡರಿಸುತ್ತಾರೆ, ಆದರೂ ಅದು ಬೇಕು.

ಪ್ರಶ್ನೆ: ಹಳೆಯ ಕಂಪ್ಯೂಟರ್ ಕೆಟ್ಟಿತು. ಅದೇ ಹೆಸರನ್ನು ಹೊಸದಕ್ಕೆ ಇಟ್ಟು ಡೊಮೇನ್‌ಗೆ ಸೇರಿಸಲು ಹೋದರೆ, ಈ ಹೆಸರಿನ ಅಕೌಂಟ್ ಈಗಾಗಲೇ ಇದೆ, ಅದನ್ನು ಮತ್ತೆ ಬಳಸಲು ಸೆಕ್ಯುರಿಟಿ ಪಾಲಿಸಿ ಬಿಡುತ್ತಿಲ್ಲ ಎನ್ನುತ್ತದೆ. ಮೊದಲೆಲ್ಲ ಹೀಗೇ ಮಾಡುತ್ತಿದ್ದೆವಲ್ಲ?

ಉತ್ತರ: ಹೌದು, ಮೊದಲು ನಡೆಯುತ್ತಿತ್ತು. 2022ರ ಅಕ್ಟೋಬರ್ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅದನ್ನು ಬಿಗಿ ಮಾಡಿತು. ಮೇಲೆ ಹೇಳಿದ ನೆಟ್‌ಸೆಟಪ್ ಲಾಗ್‌ನಲ್ಲಿ ನೋಡಿದರೆ 2732 ಎಂಬ ಎರರ್ ಸಿಗುತ್ತದೆ. ಬೇರೆಯವರು ಮಾಡಿಟ್ಟ ಕಂಪ್ಯೂಟರ್ ಅಕೌಂಟನ್ನು ಇನ್ಯಾರೋ ಬಂದು ತಮ್ಮದಾಗಿಸಿಕೊಳ್ಳಬಾರದು ಅನ್ನುವುದು ಇದರ ಉದ್ದೇಶ. ಕಿರಿಕಿರಿಯೇ ನಿಜ, ಆದರೆ ನನಗೆ ಇದು ಸರಿ ಅನಿಸುತ್ತದೆ.

ಆ ಹಳೆಯ ಅಕೌಂಟನ್ನು ಮಾಡಿದವರೇ ತಮ್ಮ ಲಾಗಿನ್‌ನಿಂದ ಸೇರಿಸಿದರೆ ಆಗುತ್ತದೆ. ಅವರು ಕೆಲಸ ಬಿಟ್ಟು ಹೋಗಿದ್ದರೆ ಹಳೆಯದನ್ನು ಅಳಿಸಿ ಹೊಸದಾಗಿ ಸೇರಿಸಿ, ಇಲ್ಲವೇ ಬೇರೆ ಹೆಸರು ಇಡಿ, 15 ಅಕ್ಷರ ದಾಟದಂತೆ. ಅಳಿಸುವ ಮೊದಲು ಒಂದು ಮಾತು. ಹಳೆ ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಹಾಕಿ ಅದರ ರಿಕವರಿ ಕೀಯನ್ನು ಆಕ್ಟಿವ್ ಡೈರೆಕ್ಟರಿಯಲ್ಲಿ (ಡೊಮೇನ್‌ನ ಯೂಸರ್, ಕಂಪ್ಯೂಟರ್ ಅಕೌಂಟ್‌ಗಳೆಲ್ಲ ಇರುವ ದಾಖಲೆಯಲ್ಲಿ) ಇಟ್ಟಿದ್ದರೆ, ಅದು ಇರುವುದು ಆ ಕಂಪ್ಯೂಟರ್ ಅಕೌಂಟ್‌ನ ಕೆಳಗೇ. ಅಕೌಂಟ್ ಹೋದರೆ ಕೀಯೂ ಹೋಗುತ್ತದೆ. ಮೊದಲು ಬರೆದಿಟ್ಟುಕೊಳ್ಳಿ. ಇನ್ನು ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ ಈ ತಡೆಯನ್ನು ದಾಟುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, 2024ರ ಆಗಸ್ಟ್ ಅಪ್‌ಡೇಟ್ ಅದನ್ನು ತೆಗೆದುಹಾಕಿದೆ.

ಪ್ರಶ್ನೆ: ನಾನು ಅಡ್ಮಿನ್ ಅಲ್ಲ, ಆದರೂ ನನ್ನ ಸಾಮಾನ್ಯ ಲಾಗಿನ್‌ನಿಂದಲೇ ಇಷ್ಟು ದಿನ ಕಂಪ್ಯೂಟರ್‌ಗಳನ್ನು ಡೊಮೇನ್‌ಗೆ ಸೇರಿಸುತ್ತಿದ್ದೆ. ಮೊನ್ನೆಯಿಂದ ಮಿತಿ ಮೀರಿದೆ ಎನ್ನುತ್ತಿದೆ. ಇದ್ಯಾವ ಮಿತಿ?

ಉತ್ತರ: ನೀವು ಸೇರಿಸಿದ್ದು ಹತ್ತು ಆಗಿರಬೇಕು, ಎಣಿಸಿ ನೋಡಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಯಾರೂ ಏನೂ ಬದಲಿಸದಿದ್ದರೆ ಪ್ರತಿ ಸಾಮಾನ್ಯ ಯೂಸರ್ 10 ಕಂಪ್ಯೂಟರ್ ಸೇರಿಸಬಹುದು, ಹನ್ನೊಂದನೆಯದಕ್ಕೆ ಬಾಗಿಲು ಮುಚ್ಚುತ್ತದೆ. ಆ ಸಂಖ್ಯೆಯನ್ನು ಜಾಸ್ತಿ ಮಾಡಿಸಿಕೊಳ್ಳಬೇಡಿ. ಯಾರು ಬೇಕಾದರೂ ಮಷಿನ್ ಸೇರಿಸಬಹುದು ಅನ್ನುವುದೇ ಅಪಾಯ, ಎಚ್ಚರ ಇರುವವರು ಅದನ್ನು ಸೊನ್ನೆ ಮಾಡಿಡುತ್ತಾರೆ. ಕಂಪ್ಯೂಟರ್ ಸೇರಿಸುವ ಅಧಿಕಾರವನ್ನಷ್ಟೇ ನಿಮ್ಮ ಲಾಗಿನ್‌ಗೆ ಡೆಲಿಗೇಟ್ ಮಾಡಿ ಎಂದು ಅಡ್ಮಿನ್‌ಗೆ ಹೇಳಿ, ಈ ಮಿತಿ ಆಮೇಲೆ ನಿಮಗೆ ತಾಗುವುದಿಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಡೊಮೇನ್ ಸೇರುವ ಆಯ್ಕೆಯೇ ಕಾಣುತ್ತಿಲ್ಲ, ಎಲ್ಲ ಕಡೆ ಹುಡುಕಿದೆ.

ಉತ್ತರ: ವಿಂಡೋಸ್ ಹೋಮ್ ಇರಬೇಕು, ಅಲ್ವಾ? ಅದರಲ್ಲಿ ಆ ಸೌಲಭ್ಯವೇ ಇಲ್ಲ. ಪ್ರೊಗೆ ಅಪ್‌ಗ್ರೇಡ್ ಮಾಡಿ, ಫೈಲುಗಳೆಲ್ಲ ಇದ್ದಲ್ಲೇ ಇರುತ್ತವೆ.