ಪಹಣಿಗೆ ಬಂದವನು ಬಸ್ಸಿಗೂ ಹತ್ತಿದರೆ

ಪ್ರಶ್ನೆ: ನಾನು ಹೊಸನಗರ ತಾಲೂಕಿನಲ್ಲಿ ಗ್ರಾಮ ಆಡಳಿತ ಅಧಿಕಾರಿ. ಖಾತೆ ಬದಲಾವಣೆಗೆ ಅಂತ ಬಂದ ಒಬ್ಬ ಗಂಡಸು, ಕೆಲಸ ಮುಗಿದ ಮೇಲೂ ರಾತ್ರಿ ಫೋನ್ ಮಾಡುತ್ತಾನೆ, ನಾಡಕಚೇರಿ ಎದುರು ಕಾಯುತ್ತಾನೆ, ಸಂಜೆ ನನ್ನ ಬಸ್ಸಿಗೇ ಹತ್ತುತ್ತಾನೆ. ದೂರು ಕೊಟ್ಟರೆ ಲಂಚ ಕೇಳಿದೆ ಅಂತ ಅರ್ಜಿ ಹಾಕ್ತೀನಿ ಎನ್ನುತ್ತಾನೆ. ಮೇಲಿನವರು 'ಹೊಂದಿಕೊಂಡು ಹೋಗಮ್ಮ, ಇಲ್ಲ ವರ್ಗಾವಣೆ ಕೇಳು' ಎನ್ನುತ್ತಾರೆ. ಏನು ಮಾಡಲಿ?
- ಹೆಸರು ಬೇಡ

ಉತ್ತರ: ವರ್ಗಾವಣೆ ಕೇಳಬೇಡಿ ತಂಗಿ. ತಪ್ಪು ಮಾಡಿದವನು ಅವನು, ಊರು ಬಿಡಬೇಕಾದವರು ನೀವಾ? ನಿಮ್ಮ ಫೋನ್ ನಂಬರ್ ಊರಿಗೆಲ್ಲ ಗೊತ್ತಿರುವುದು ಕೆಲಸಕ್ಕಾಗಿ. ಅದು ರಾತ್ರಿ ಹತ್ತಕ್ಕೆ ಮಾತಾಡಿಸಲು ಯಾರಿಗೂ ಕೊಟ್ಟ ಪರವಾನಗಿ ಅಲ್ಲ.

ಬೇಡ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿದರೆ, ಸಂಪರ್ಕಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, ದಂಡ. ಒಮ್ಮೆ ಶಿಕ್ಷೆಯಾದವನು ಮತ್ತೆ ಮಾಡಿದರೆ 5 ವರ್ಷದವರೆಗೆ, ಆಗ ಜಾಮೀನು ಅವನ ಹಕ್ಕಲ್ಲ. ಹಾಗಾಗಿ ಆ 'ಬೇಡ' ಅನ್ನುವುದಕ್ಕೆ ಸಾಕ್ಷಿ ಬೇಕು. 'ಕಚೇರಿ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ನನ್ನನ್ನು ಸಂಪರ್ಕಿಸಬೇಡಿ' ಅಂತ ಒಂದೇ ಒಂದು ಮೆಸೇಜ್ ಕಳಿಸಿ. ಆಮೇಲೆ ಉತ್ತರ ಬೇಡ, ಆದರೆ ಏನನ್ನೂ ಅಳಿಸಬೇಡಿ. ಬಸ್ಸಿನ ದಿನ, ಹೊತ್ತು, ನೋಡಿದವರ ಹೆಸರು ಎಲ್ಲ ಡೈರಿಯಲ್ಲಿ ಬರೆದಿಡಿ.

ಲಂಚದ ಅರ್ಜಿ ಹಾಕ್ತೀನಿ ಅನ್ನುವ ಮಾತಿಗೇ ನೀವು ಜಾಸ್ತಿ ಹೆದರಿದ್ದೀರಿ, ಅಲ್ವಾ? ಮಾನ ಕಳೆಯುತ್ತೇನೆ ಎಂದು ಹೆದರಿಸಿ ದೂರು ಕೊಡದಂತೆ ತಡೆಯುವುದೇ ಅದೇ ಸಂಹಿತೆಯ 351ನೇ ಕಲಂ ಅಡಿ ಇನ್ನೊಂದು ಅಪರಾಧ. ದೂರಿನಲ್ಲಿ ಅದನ್ನೂ ಸೇರಿಸಿ. ಅವನ ಕಡತ ಇನ್ನೇನಾದರೂ ಬಾಕಿ ಇದ್ದರೆ ಬೇರೆಯವರು ನೋಡಲಿ ಎಂದು ಇವತ್ತೇ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಮುಂದೆ ಅವನು ಏನೇ ಅರ್ಜಿ ಹಾಕಿದರೂ ಆ ಕಾಗದ ನಿಮ್ಮ ಪರ ನಿಲ್ಲುತ್ತದೆ. ಕೆಲಸದ ವೇಳೆ ಕೈ ಹಿಡಿದರೆ, ದಾರಿ ಕಟ್ಟಿ ತಳ್ಳಿದರೆ 132ನೇ ಕಲಮೂ ಬರುತ್ತದೆ. ಅದು ಸರ್ಕಾರಿ ನೌಕರರಿಗೇ ಇರುವ ರಕ್ಷಣೆ.

ಹೊಂದಿಕೊಂಡು ಹೋಗು ಎಂದ ಮೇಲಿನವರಿಗೂ ಕಾನೂನು ಇದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಕಲಂ ಪ್ರಕಾರ ಕಚೇರಿಗೆ ಬರುವ ಹೊರಗಿನವರಿಂದಲೂ ನಿಮ್ಮನ್ನು ಕಾಪಾಡುವುದು, ಪೊಲೀಸ್ ದೂರಿಗೆ ನೆರವಾಗುವುದು ಅವರ ಕರ್ತವ್ಯ. ಬಾಯಿಮಾತು ಬೇಡ, ಈ ಕಲಂ ಹೆಸರಿಸಿ ಪತ್ರ ಕೊಡಿ. ಬಾಯಲ್ಲಿ ಹೇಳಿದ್ದನ್ನು ಸುಮ್ನೆ ಮರೆತುಬಿಡಬಹುದು, ಪತ್ರಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಶಿವಮೊಗ್ಗದ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ. ಮೊದಲ ಸಲಕ್ಕೆ ಅವನಿಗೆ ಜಾಮೀನು ಸಿಗುತ್ತದೆ, ಅದಕ್ಕೆ ಎದೆಗುಂದಬೇಡಿ.

ಅಲ್ಲಿಯವರೆಗೆ ತೋಟ, ಗದ್ದೆ ಪರಿಶೀಲನೆಗೆ ಒಬ್ಬರೇ ಹೋಗಬೇಡಿ. ಗ್ರಾಮ ಸಹಾಯಕರನ್ನು ಕರೆದುಕೊಂಡು ಹೋಗಿ. ನಮ್ಮ ಕಡೆ ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ 112 ಒತ್ತಿದರೂ ಹೋಗುವುದಿಲ್ಲ, ಅದಕ್ಕೇ ಯಾವ ಸರ್ವೆ ನಂಬರಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಎಂದು ಹೊರಡುವ ಮೊದಲೇ ಕಚೇರಿಯಲ್ಲೂ ಮನೆಯಲ್ಲೂ ಹೇಳಿರಿ.