ಹತ್ತನೇ ತಾರೀಕು ಬಂತಂದ್ರೆ ಮನೆಗೆ ಹೋಗೋದೇ ಲೇಟು

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆಲಿ ಒಂದು ಎಲೆಕ್ಟ್ರಿಕಲ್ಸ್ ಹೋಲ್‌ಸೇಲ್ ಅಂಗಡಿಲಿ ಅಕೌಂಟ್ಸ್ ನೋಡ್ಕೊತೀನಿ. ಡ್ಯೂಟಿ ಹತ್ತರಿಂದ ಆರೂವರೆ. ಆದ್ರೆ ಪ್ರತಿ ತಿಂಗಳು 8ರಿಂದ 20ರವರೆಗೆ ಮನೆ ಸೇರೋದು ರಾತ್ರಿ ಒಂಬತ್ತೂವರೆ, ಹತ್ತು. ಓಟಿ ದುಡ್ಡೂ ಇಲ್ಲ. ಮಗಳು ಎರಡನೇ ಕ್ಲಾಸು, ನಾನು ಹೋಗೋಷ್ಟ್ರಲ್ಲಿ ಮಲಗಿರ್ತಾಳೆ. ಅತ್ತೆ "ಬೇರೆಯವ್ರೆಲ್ಲ ಟೈಮಿಗೆ ಬರ್ತಾರೆ, ನಿಂಗೇ ಕೆಲಸ ಸಾಗಲ್ವೇನೋ" ಅಂತಾರೆ. ಈ ಸಲ 19ಕ್ಕೆ ಮಗಳ ಸ್ಕೂಲ್ ಡೇ. ನಾನೇ ಸ್ಲೋನಾ? ಕೆಲಸ ಬಿಟ್ಬಿಡ್ಲಾ?

ಉತ್ತರ: ನೀನು ಸ್ಲೋ ಅಲ್ಲ ತಂಗಿ, ಮೊದ್ಲು ಅದನ್ನ ತಲೆಯಿಂದ ತೆಗಿ. ನಾನೂ ಹದಿನಾರು ವರ್ಷ ಅಕೌಂಟ್ಸಲ್ಲೇ ಇದ್ದವಳು, ನೀನು ಬರೆದ ತಾರೀಕು ನೋಡಿದ ತಕ್ಷಣ ನಂಗೆ ಎಲ್ಲಾ ಅರ್ಥ ಆಯ್ತು. 7ಕ್ಕೆ ಟಿಡಿಎಸ್, ಅಂದ್ರೆ ಹಿಡಿದಿಟ್ಕೊಂಡ ಇನ್‌ಕಮ್ ಟ್ಯಾಕ್ಸ್ ಕಟ್ಟೋದು, 11ಕ್ಕೆ ಜಿಎಸ್‌ಟಿಆರ್-1, ಅಂದ್ರೆ ಹಿಂದಿನ ತಿಂಗಳ ಸೇಲ್ಸ್ ಲೆಕ್ಕ, 15ಕ್ಕೆ ಕೆಲಸದವ್ರ ಪಿಎಫ್ ಇಎಸ್‌ಐ, 20ಕ್ಕೆ 3ಬಿ, ಅಂದ್ರೆ ಜಿಎಸ್‌ಟಿ ಲೆಕ್ಕ ಕೊಟ್ಟು ಟ್ಯಾಕ್ಸ್ ಕಟ್ಟೋ ರಿಟರ್ನ್. ತಾರೀಕು ಮುಂಚೆನೇ ಗೊತ್ತಿದ್ರೂ ಪ್ರತಿ ತಿಂಗಳು ಓಡಾಡ್ತೀವಿ, ಯಾಕಂದ್ರೆ ಕಾಗದ ನಮ್ಮ ಟೇಬಲ್ಲಿಗೆ ಬರೋದೇ ಲೇಟು.

ನಾನಿದ್ದ ಒಂದು ಕಡೆ ಗೋಡೌನ್ ಹುಡುಗ ಇಡೀ ತಿಂಗಳ ಪರ್ಚೇಸ್ ಬಿಲ್ಲನ್ನ ರಬ್ಬರ್ ಬ್ಯಾಂಡ್ ಹಾಕಿ ಕ್ಯಾರಿಬ್ಯಾಗಲ್ಲಿ ತುಂಬಿ 9ನೇ ತಾರೀಕು ತಂದಿಡ್ತಿದ್ದ, ಅದ್ರೊಳಗೇ ಲಾರಿ ಬಾಡಿಗೆ ಚೀಟಿ, ಟೀ ಅಂಗಡಿ ಚೀಟಿ. ಕೆಲವು ಬಿಲ್ಲಲ್ಲಿ ಅಕ್ಷರ ಮಾಸಿಹೋಗಿ ಟ್ಯೂಬ್‌ಲೈಟ್ ಕೆಳಗೆ ಹಿಡ್ಕೊಂಡು ಜಿಎಸ್‌ಟಿ ನಂಬರ್ ಓದ್ಬೇಕಿತ್ತು, ಓದೋಕೆ ಆಗ್ಲಿಲ್ಲ ಅಂದ್ರೆ ಬಿಲ್ಲು ಕೊಟ್ಟ ಪಾರ್ಟಿಗೆ ಫೋನು, ರಾತ್ರಿ ಎಂಟಕ್ಕೆ ಯಾರು ಎತ್ತಾರೆ ಹೇಳು. ನೂರೆಂಬತ್ತು ಬಿಲ್ಲು, ಮೂರು ರಾತ್ರಿ. ಕೊನೆಗೆ ನಾನೇ ದಿನಾ ನಾಲ್ಕು ಗಂಟೆಗೆ ಗೋಡೌನಿಗೆ ಹೋಗಿ ಅವತ್ತಿನ ಬಿಲ್ಲು ಇಸ್ಕೊಂಡು ಬರೋಕೆ ಶುರು ಮಾಡ್ದೆ. ಆರೋ ಏಳೋ ಇರ್ತಿದ್ವು, ಕಂಪ್ಯೂಟರ್‌ನ ಟ್ಯಾಲಿ ಲೆಕ್ಕಕ್ಕೆ ಹಾಕೋಕೆ ಅರ್ಧ ಗಂಟೆನೂ ಬೇಡ. ಆಮೇಲೆ ಆ ಕ್ಯಾರಿಬ್ಯಾಗ್ ಬರ್ಲೇ ಇಲ್ಲ. ನೀನೂ ಇದನ್ನ ನಾಳೆಯಿಂದ್ಲೇ ಮಾಡು, ಯಾರ ಪರ್ಮಿಷನ್ನೂ ಬೇಕಾಗಿಲ್ಲ.

ಇನ್ನೊಂದು, 2ಬಿ, ಅಂದ್ರೆ ಸಪ್ಲೈಯರ್‌ಗಳು ನಮ್ಮ ಹೆಸರಲ್ಲಿ ತೋರಿಸಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿ, ಬರೋದು 14ಕ್ಕೆ. ಅದರಲ್ಲಿ ಇಲ್ಲದ ಬಿಲ್ಲಿಗೆ ಆ ತಿಂಗಳು ಇನ್‌ಪುಟ್, ಅಂದ್ರೆ ಖರೀದಿಗೆ ಕೊಟ್ಟ ಜಿಎಸ್‌ಟಿನ ನಮ್ಮ ಟ್ಯಾಕ್ಸಲ್ಲಿ ಕಳೆಯೋದು, ಸಿಗಲ್ಲ. ತುಂಬಾ ಜನ 18, 19ಕ್ಕೆ ತಾಳೆ ನೋಡಿ ಆಮೇಲೆ ಸಪ್ಲೈಯರ್ ಹಿಂದೆ ಬೀಳ್ತಾರೆ, ಅಷ್ಟೊತ್ತಿಗೆ ಅವ್ರು ತಮ್ಮ ಜಿಎಸ್‌ಟಿಆರ್-1 ಹಾಕ್ಬೇಕಿದ್ದ 11ನೇ ತಾರೀಕು ದಾಟಿರುತ್ತೆ, ರಾತ್ರಿಯೆಲ್ಲ ಕೂತ್ರೂ ಏನೂ ಗಿಟ್ಟಲ್ಲ. ಯಾವಾಗ್ಲೂ ಲೇಟ್ ಮಾಡೋ ನಾಲ್ಕೈದು ಪಾರ್ಟಿ ಯಾರು ಅಂತ ನಿಂಗೇ ಗೊತ್ತಿರುತ್ತೆ, ಅವ್ರಿಗೆ 8ಕ್ಕೇ ವಾಟ್ಸಾಪ್ ಹಾಕು. 2ಬಿ ಬಂದ ದಿನಾನೇ ತಾಳೆ ನೋಡೋಕೆ ಕೂತ್ಕೋ. ಇ-ಇನ್‌ವಾಯ್ಸ್, ಅಂದ್ರೆ ಸರ್ಕಾರದ ಪೋರ್ಟಲ್ಲಲ್ಲಿ ದಾಖಲಾಗೋ ಬಿಲ್ಲು, ಮಾಡ್ತಿದ್ರೆ ಸೇಲ್ಸ್ ತಾನಾಗೇ ಜಿಎಸ್‌ಟಿಆರ್-1ಗೆ ಬಂದಿರುತ್ತೆ, ಟೋಟಲ್ ಸರಿಯಿದ್ಯಾ ನೋಡಿದ್ರೆ ಸಾಕು, ಮತ್ತೆ ಎಂಟ್ರಿ ಮಾಡ್ಬೇಡ.

ಆಮೇಲೆ ದಿನದ ಕಥೆ. ಕೌಂಟರ್ ಹುಡುಗ ಬ್ಯಾಲೆನ್ಸ್ ಕೇಳ್ತಾನೆ, ಸೇಲ್ಸ್‌ನವ್ನು ಲೆಡ್ಜರ್ ಕೇಳ್ತಾನೆ, ಪ್ರತಿ ಸಲ ಎದ್ದು ಕೂತ್ರೆ ಎಲ್ಲಿದ್ವಿ ಅನ್ನೋದೇ ಮರೆತು ಅದೇ ಪುಟ ಮತ್ತೆ ಮೊದಲಿಂದ ನೋಡ್ಬೇಕು. ಹತ್ತರಿಂದ ಹನ್ನೆರಡು ಎಂಟ್ರಿ ಟೈಮು, ಲೆಡ್ಜರ್ ಬೇಕಿದ್ರೆ ಹನ್ನೆರಡರ ಮೇಲೆ ಅಂತ ಅವ್ರಿಗೆ ನಗ್ತಾನೇ ಹೇಳು, ಒಂದು ವಾರ ಗೊಣಗ್ತಾರೆ, ಆಮೇಲೆ ಅಭ್ಯಾಸ ಆಗುತ್ತೆ. ಸಾವ್ಕಾರ್ರು ಮಾರ್ಕೆಟ್ ಸುತ್ತಿ ಬಂದು ಆರು ಗಂಟೆಗೆ ಕೆಲಸ ಹೇಳೋರಾದ್ರೆ ನಾಲ್ಕೂವರೆಗೇ ನೀನೇ ಫೋನ್ ಮಾಡಿ "ಇವತ್ತು ಏನಾದ್ರೂ ಅರ್ಜೆಂಟ್ ಇದ್ಯಾ ಸರ್" ಅಂತ ಕೇಳ್ಬಿಡು.

ಇಷ್ಟೆಲ್ಲ ಮಾಡಿದ ಮೇಲೂ ಲೇಟಾಗ್ತಿದ್ರೆ ಅದು ಇಬ್ಬರ ಕೆಲಸ ಒಬ್ಬಳ ತಲೆ ಮೇಲಿದೆ ಅಂತ ಅರ್ಥ. ಒಂದು ತಿಂಗಳು ಡೈರಿಲಿ ಬರ್ಕೋ, ಎಷ್ಟೊತ್ತಿಗೆ ಹೊರಟೆ, ಯಾವ ಕೆಲಸಕ್ಕೆ ಲೇಟಾಯ್ತು ಅಂತ, ಅದನ್ನ ಸಾವ್ಕಾರ್ರ ಮುಂದಿಟ್ಟು ಸಹಾಯಕ್ಕೆ ಒಬ್ರನ್ನ ಕೇಳು. ಓಟಿಗೆ ಡಬಲ್ ಸಂಬಳ ಕೊಡ್ಬೇಕು ಅಂತ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲೇ ಇದೆ, ಮೊದಲ ಮಾತಿಗೇ ಅದನ್ನ ಎತ್ಬೇಡ, ಆದ್ರೆ ನಿಂಗೆ ಗೊತ್ತಿರ್ಲಿ. ಕೆಲಸ ಮಾತ್ರ ಬಿಡ್ಬೇಡ, ಕೈಯಲ್ಲಿ ನಿನ್ನದೇ ದುಡಿಮೆ ಇರೋದು ದೊಡ್ಡದು ಕಣಮ್ಮ. ಅತ್ತೆಗೂ ಒಂದಿನ ಈ ತಾರೀಕುಗಳನ್ನ ಕೂತು ಹೇಳು, ಅವ್ರಿಗೆ ಯಾರೂ ಹೇಳಿರಲ್ಲ.

ಇನ್ನು 19. ರಜೆ ಚೀಟಿ ಇವತ್ತೇ ಬರೆದು ಕೊಡು. 3ಬಿ ಕೊನೇ ದಿನಕ್ಕೆ ಹೋಗೋದು ಬಹಳ ಸಲ ನಮ್ಮಿಂದಲ್ಲ, ಟ್ಯಾಕ್ಸ್ ದುಡ್ಡು ಹೊಂದಿಸದೇ ಓನರ್ ಎಳೆಯೋದ್ರಿಂದ. ಅದಕ್ಕೇ 16ನೇ ತಾರೀಕೇ "ಇಷ್ಟು ಕಟ್ಬೇಕು ಸರ್, 18ಕ್ಕೆ ಚಲನ್ ಹಾಕ್ತೀನಿ, 20 ದಾಟಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ 18% ಬಡ್ಡಿ" ಅಂತ ಮೆಸೇಜ್ ಹಾಕು. 18ರ ಸಂಜೆ ಫೈಲ್ ಮಾಡಿ ಪ್ರಿಂಟ್ ತೆಗೆದು ಅವ್ರ ಟೇಬಲ್ ಮೇಲಿಟ್ಟು ಬಾ. ಮಾರನೇ ದಿನ ಮಗಳ ಜಡೆ ನೀನೇ ಹಾಕು.